ಬರಿಗಾಲ ನಡಿಗೆಗೆ ಮೆತ್ತನೆಯ ಶೂ

ಶ್ರಾವಣದ ಕಡೆಯ ಸೋಮವಾರ ಹೊಸಪೇಟೆಯಿಂದ ಹಂಪಿಗೆ ಬರಿಗಾಲಲ್ಲಿ ನಡೆದು ಹೋಗುವುದು ನಮ್ಮ ಮನೆಯ ಹೆಣ್ಣುಮಕ್ಕಳ ಪದ್ಧತಿ. ನಡುವೆ ಎಲ್ಲೂ ಕೂರುವಂತಿಲ್ಲ; ಕೂತರೆ ನಡಿಗೆ ಮುರಿದಂತೆ. ಕಂಪ್ಲಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಪ್ರತಿ ವರ್ಷ ಹಿಂದಿನ ದಿನವೇ ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಮನೆಗೆ ಬರುತ್ತಿದ್ದಳು; ಇಬ್ಬರೂ ಕೂಡಿ ನಡೆಯುತ್ತಿದ್ದೆವು. ಹೋದ ವರ್ಷ ಯುಗಾದಿಗೆ ಬಂದವಳು ಒಬ್ಬಟ್ಟು ತಟ್ಟುತ್ತಲೇ ಹೇಳಿದಳು: "ಈ ಸಲದ್ದ ಕಡೀದು ನೋಡಬೇ. ಇನ್ನ ಮ್ಯಾಲೆ ನನ್ನ ಕೈಲಿ ಆಗಂಗಿಲ್ಲ. ನೀ ಜೊತಿಗೆ ಇರಬೇಕು."

"ಇರದ ಎಲ್ಲಿಗೆ ಹೋಗ್ಲಿ," ಎಂದೆ.

ಸಂಡೂರಿನ ಮೈನಿಂಗ್ ಆಫೀಸಿನಲ್ಲಿರುವ ನನ್ನ ಮಗಳ ಕಿವಿಗೆ ಈ ಮಾತು ಬಿತ್ತು. ಅವಳು ದಿನಾ ಓಡುವವಳು, ಕಾಲಿನ ವಿಷಯದಲ್ಲಿ ತಾನೇ ಅಥಾರಿಟಿ ಎಂಬ ಭಾವ. ಮರು ಭಾನುವಾರವೇ ಶೂ ಡಬ್ಬ ಹಿಡಿದು ಬಂದಳು. ಹಿಮ್ಮಡಿಯ ಕೆಳಗೆ ಎರಡು ಬೆರಳು ದಪ್ಪ ಫೋಮ್.

"ಫುಲ್ ಕುಶನ್ ಮಮ್ಮಿ! ಇದ್ರಾಗ ಪ್ರಾಕ್ಟೀಸ್ ಮಾಡು. ಹಂಪಿ ಏನು, ಬಳ್ಳಾರಿಗೇ ನಡ್ಕೊಂಡು ಹೋಗಿಬಿಡ್ತಿ."

"ಅಲ್ಲಿ ನಡೆಯೋದು ಬರಿಗಾಲಿಲೆ ಅಲ್ಲೇನೇ?"

"ಮೊದ್ಲು ಸ್ಟ್ಯಾಮಿನಾ ಬರ್ಲಿ. ಮನ್ಯಾಗೂ ಬರಿಗಾಲು ಬ್ಯಾಡ." ಬಚ್ಚಲ ಬಾಗಿಲಿಗೂ ಒಂದು ಮೆತ್ತನೆಯ ಸ್ಲಿಪ್ಪರ್ ಇಟ್ಟು ಹೋದಳು.

ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಹಪ್ಪಳದಷ್ಟು ತೆಳ್ಳನೆಯ ಕ್ಯಾನ್ವಾಸ್ ಶೂ ಇರುತ್ತಿದ್ದವು. ಡ್ರಿಲ್ ಪೀರಿಯಡ್‌ನಲ್ಲಿ ಸಿಸ್ಟರ್ "ಲೈಟ್ಲಿ, ಗರ್ಲ್ಸ್, ಲೈಟ್ಲಿ!" ಎಂದು ಕೂಗುವ ಅಗತ್ಯವೇ ಇರಲಿಲ್ಲ. ಕಲ್ಲು ಚುಚ್ಚುತ್ತಿತ್ತು, ಕಾಲು ತಾನೇ ಹಗುರವಾಗುತ್ತಿತ್ತು. ಆ ಅಂಗಳ, ಆ ಬೇವಿನ ಮರ, ಆ ಪುಟ್ಟ ಪುಟ್ಟ ಹೆಜ್ಜೆಗಳು! ಈ ಶೂ ಮಾತ್ರ ನೆಲದ ಸುದ್ದಿಯನ್ನೇ ಕಾಲಿಗೆ ಮುಟ್ಟಿಸಲಿಲ್ಲ. ಪಾರ್ಕಿನ ಟೈಲ್ಸ್ ಮೇಲೆ ನನ್ನ ಹೆಜ್ಜೆ ಉದ್ದವಾಯಿತು, ಮಂಡಿ ನೆಟ್ಟಗಾಯಿತು, ಹಿಮ್ಮಡಿಯನ್ನು ಧಡ್ ಧಡ್ ಎಂದು ಕುಕ್ಕತೊಡಗಿದೆ. ನೋಯುತ್ತಿರಲಿಲ್ಲವಲ್ಲ, ಇಂಪ್ರೂವ್‌ಮೆಂಟ್ ಎಂದುಕೊಂಡೆ. ಕಾಲ್ಬೆರಳು, ಅಂಗಾಲು, ಮೀನಖಂಡ ಮಾಡಬೇಕಾದ ಕೆಲಸವನ್ನೆಲ್ಲ ಆ ಫೋಮ್ ಮಾಡುತ್ತಿತ್ತು. ಅವು ಸೋಮಾರಿ ಅಳಿಯಂದಿರ ಹಾಗೆ ನಾಲ್ಕು ತಿಂಗಳು ಕೂತು ತಿಂದು ಸಡಿಲವಾದವು.

ಶ್ರಾವಣದ ಆ ಕಡೆಯ ಸೋಮವಾರ ಬರಿಗಾಲಲ್ಲಿ ಹೊರಟು ಅನಂತಶಯನಗುಡಿ ದಾಟುವ ಹೊತ್ತಿಗೇ ಅಕ್ಕ ನಕ್ಕಳು. "ಏನಬೇ, ಪೊಲೀಸರಂಗ ನೆಲ ಒದಿಯಾಕತ್ತಿ? ಭೂಮ್ತಾಯಿ ಏನ್ ಮಾಡ್ಯಾಳ ನಿನಗ?"

ನಿಜವೇ. ಶೂ ಕಲಿಸಿದ ನಡಿಗೆ ಶೂ ಬಿಟ್ಟ ಮೇಲೂ ಕಾಲಲ್ಲೇ ಉಳಿದಿತ್ತು. ಹಿಮ್ಮಡಿ ಕುಕ್ಕಿದರೆ ನೆತ್ತಿಯವರೆಗೆ ಝುಮ್ಮೆನ್ನುತ್ತಿತ್ತು. ಅಕ್ಕನಂತೆ ಗಿಡ್ಡ ಹೆಜ್ಜೆ ಹಾಕಿ ಮುಂಗಾಲ ಮೇಲೆ ಭಾರ ಬಿಟ್ಟೆ. ಕದ್ದಿರಾಂಪುರದ ಹತ್ತಿರ ಎರಡೂ ಮೀನಖಂಡ ಕಲ್ಲಾಗಿ ಹಿಡಿದುಕೊಂಡವು. ರಸ್ತೆಯ ಬದಿಗೆ ಕುಸಿದು ಕೂತುಬಿಟ್ಟೆ. ನನ್ನ ನಡಿಗೆ ಮುರಿಯಿತು.

ಅಕ್ಕ ಕೂರುವಂತಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು ನಿಂತೇ ಇದ್ದಳು. "ಹೋಗು, ನಿಂತ್ರ ನಿನ್ನ ಕಾಲೂ ಹಿಡೀತಾವ," ಎಂದು ನಾನೇ ಅಟ್ಟಿದೆ.

ನೀರಿನ ಬಾಟಲಿ ಇಟ್ಟುಕೊಂಡು ಹಿಂದೆ ಕಾರಿನಲ್ಲಿ ಬರುತ್ತಿದ್ದ ಮಗಳು ನನ್ನನ್ನು ಒಳಗೆ ಕೂರಿಸಿಕೊಂಡು, ಎಸಿ ಹಾಕಿ, ಅಂದಳು: "ನೋಡಿದ್ಯಾ ಮಮ್ಮಿ? ಶೂ ಹಾಕ್ಕೊಂಡಿದ್ರ ಹಿಂಗಾಗ್ತಿದ್ದಿಲ್ಲ."

"ಹಾಕ್ಕೊಂಡಿದ್ದಕ್ಕ ಹಿಂಗಾತು!" ನಾನು ಕಿರುಚಿದ್ದಕ್ಕೆ ಅವಳು ಬ್ರೇಕ್ ಒತ್ತಿದಳು. "ಇಷ್ಟು ವರ್ಷ ನಡದ ಕಾಲು ಇವು. ಯಾರ್ ಕೇಳಿದ್ರು ನಿನ್ನ ಫೋಮು? ಈಜಾಕ ಹೋಗೋರಿಗೆ ಸೋಫಾದ ಮ್ಯಾಲೆ ಪ್ರಾಕ್ಟೀಸ್ ಮಾಡಿಸ್ತಾರೇನು, ಈಡಿಯಟ್?"

"ನಾ ನಿನ್ನ ಒಳ್ಳೇದಕ್ಕ..."

"ನನ್ನ ಕಾಲಿನ ಒಳ್ಳೇದು ನನ್ನ ಕಾಲಿಗೆ ಗೊತ್ತಿತ್ತು!"

ಗಾಜಿನ ಹೊರಗೆ ಅಕ್ಕ ಒಬ್ಬಳೇ, ಬಾಳೆತೋಟದ ಬದಿಯಲ್ಲಿ, ಸದ್ದಿಲ್ಲದೆ ಹೋಗುತ್ತಿದ್ದಳು. ನಮ್ಮ ಕಾರು ಬಸ್ಸೊಂದರ ಮರೆಯಲ್ಲಿ ಅವಳನ್ನು ದಾಟಿ ಮುಂದೆ ಹೋಯಿತು; ಅವಳು ನಮ್ಮನ್ನು ನೋಡಲಿಲ್ಲ. ಆ ಕ್ಷಣಕ್ಕೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ.

ಹಂಪಿಯಲ್ಲಿ ನಾನು ಗುಡಿಯೊಳಗೆ ಹೋಗಲಿಲ್ಲ. ಗೋಪುರದ ಎದುರು ಕಲ್ಲುಮಂಟಪದಲ್ಲಿ ಮಗಳ ಕಡೆಗೆ ಬೆನ್ನು ಮಾಡಿ ಕೂತೆ. ಬಿಸಿಲೇರಿದ ಮೇಲೆ ಅಕ್ಕ ಬಂದಳು.

"ಕಾರಿನ್ಯಾಗ ಬಂದೀಯೇನು? ದರ್ಶನ ಮುಗಿಸಿ ಕುಂತಿರಬೇಕಿತ್ತಲ್ಲ?"

"ನೀ ಬರ್ಲಿ ಅಂತ ಕುಂತೀನಿ. ಕಾಲು ನೋಯ್ತಾವೇನು?"

"ಕಾಲಿಗೇನೂ ಆಗಿಲ್ಲ," ಎಂದಳು ಅಕ್ಕ, ಕತ್ತು ನೀವಿಕೊಳ್ಳುತ್ತ. "ನೀ ಎದ್ದು ಬಂದೀಯೇನೋ ಅಂತ ದಾರಿ ತುಂಬ ಹೊಳ್ಳಿ ಹೊಳ್ಳಿ ನೋಡೀನಿ. ಕುತ್ತಿಗಿ ಹಿಡ್ಕೊಂಡೈತಿ."