ಜಯಶೀಲ ಆಡಿದ ಒಂದೇ ಮಾತು

ಭಾನುವಾರದ ಆರಾಧನೆಯಲ್ಲಿ ಯಾರಾದರೂ ಎದ್ದು ನಿಂತು "ಕರ್ತನು ನನ್ನ ಹತ್ತಿರ ಮಾತಾಡಿದ" ಎಂದು ಸಾಕ್ಷಿ ಹೇಳತೊಡಗಿದರೆ ನಾನು ತಲೆ ತಗ್ಗಿಸಿ ಹಾಡಿನ ಪುಸ್ತಕದ ಪುಟ ತಿರುವುತ್ತ ಕೂರುತ್ತಿದ್ದೆ. ದೇವರನ್ನು ನಂಬದವಳಲ್ಲ ನಾನು. ಆದರೆ ಅವನು ಒಬ್ಬೊಬ್ಬರ ಕಿವಿಯ ಹತ್ತಿರ ಬಂದು ಪಿಸುಗುಡುತ್ತಾನೆ ಎಂಬುದನ್ನು ನಂಬಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಮೇಲಿನ ಸಾಲಿನಿಂದ ಕೆಳಗಿನ ಸಾಲು ಹೇಗೆ ಬಂತೆಂದು ತೋರಿಸದ ಉತ್ತರಕ್ಕೆ ಅಂಕ ಕೊಟ್ಟವಳಲ್ಲ. ಈಗ ನಾನು ಹೇಳಲಿರುವುದರಲ್ಲೂ ಆ ನಡುವಿನ ಸಾಲು ಇಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಗಂಡ ಜಯಶೀಲ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಮನೆಯೂ ಅಲ್ಲೇ, ಕಾರ್ಖಾನೆಯ ಸೈರನ್ ಕೇಳುವಷ್ಟು ದೂರದಲ್ಲಿ. ನಮಗೆ ಮಕ್ಕಳಿಲ್ಲ. ಆ ಮನೆಯನ್ನು ತುಂಬಿಸಿದ್ದು ಅವರ ಮಾತು. ತರಕಾರಿಯವನ ಜೊತೆ, ಬಸ್ಸಿನ ಕಂಡಕ್ಟರ್ ಜೊತೆ, ರೇಡಿಯೋದ ಜೊತೆ ಕೂಡ ಮಾತಾಡುತ್ತಿದ್ದರು. ಚರ್ಚಿನಲ್ಲಿ ಬೈಬಲಿನ ವಾಕ್ಯ ಓದುವ ಕೆಲಸ ಅವರದೇ. ನಾನು ನಿವೃತ್ತಳಾದ ವರ್ಷ, ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ ನಿಂತವರು ಹಾಗೇ ಕುಸಿದರು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ಉಳಿದದ್ದು ಒಂದೇ ಸದ್ದು, "ತಾ". ನೀರು ಬೇಕೆಂದರೂ ತಾ, ಸಿಟ್ಟು ಬಂದರೂ ತಾ, ನನ್ನನ್ನು ಕರೆಯುವುದಕ್ಕೂ ತಾ.

ಚರ್ಚಿನವರು ತಪ್ಪದೆ ಬಂದು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಒಳ್ಳೆಯ ಜನ, ಅಡುಗೆ ಕೂಡ ಮಾಡಿ ತರುತ್ತಿದ್ದರು. ಆದರೆ ಹೋಗುವಾಗ ಒಬ್ಬರಾದರೂ ಬಾಗಿಲಲ್ಲಿ ನಿಂತು, "ಪ್ರೀತಿಸುವವರನ್ನೇ ಅಲ್ವಾ ದೇವರು ಪರೀಕ್ಷೆ ಮಾಡೋದು, ಟೀಚರ್?" ಅನ್ನುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಪಾಠ ಮಾಡದೆ ಪರೀಕ್ಷೆ ಇಡೋ ಮೇಷ್ಟ್ರನ್ನ ನಮ್ಮ ಸ್ಕೂಲಲ್ಲಿ ಒಂದು ದಿನಾನೂ ಇಟ್ಕೊಳ್ತಿರಲಿಲ್ಲ ಕಣ್ರೀ," ಅಂದೆ. ಅವರು ಮುಖ ಚಿಕ್ಕದು ಮಾಡಿಕೊಂಡು ಚಪ್ಪಲಿ ಹುಡುಕಿದರು.

ಹದಿನಾಲ್ಕು ತಿಂಗಳು ಹೀಗೆ ಕಳೆಯಿತು. ಆ ಶುಕ್ರವಾರ ಬೆಳಿಗ್ಗೆ ಮಾತು ಕಲಿಸುವ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಸಣ್ಣ ವಯಸ್ಸಿನ ಹುಡುಗಿ. ನನ್ನನ್ನು ಪಕ್ಕಕ್ಕೆ ಕರೆದು, "ಇನ್ಮೇಲೆ ಬರೋ ತೊಂದರೆ ತಗೋಬೇಡಿ ಆಂಟಿ. ಮಾತು ಬರೋದಾಗಿದ್ರೆ ಇಷ್ಟರಲ್ಲಿ ಬರ್ಬೇಕಿತ್ತು," ಅಂದಳು. ಹೇಳುವಾಗ ಅವಳ ಕಣ್ಣೇ ತುಂಬಿತ್ತು. ಪಾಪ, ಅವಳ ಮೇಲೆ ನಾನು ಹೇಗೆ ರೇಗಲಿ? ರೇಗಬೇಕಾದವನು ಬೇರೆಯೇ ಇದ್ದ.

ಆಟೋದಲ್ಲಿ ಮನೆಗೆ ಬಂದು ಇವರಿಗೆ ಊಟ ಮಾಡಿಸಿ ಮಲಗಿಸಿದೆ. ಪಕ್ಕದ ಮನೆಯ ಗಿರಿಜಮ್ಮನನ್ನು ಸ್ವಲ್ಪ ಹೊತ್ತು ಕೂತಿರಲು ಕೇಳಿಕೊಂಡೆ. ನಂಜನಗೂಡಿನ ಕಡೆಯ ಒಕ್ಕಲು ಮನೆತನದವರು, ಇವರ ಜೊತೆ ಕೆಲಸ ಮಾಡುತ್ತಿದ್ದವರ ಹೆಂಡತಿ. "ಓಗ್ಬನ್ನಿ ಟೀಚರಮ್ಮ, ನಾನಿಲ್ವಾ," ಅಂದು ಅವರೆಕಾಯಿ ಬುಟ್ಟಿ ತಂದು ಮಂಚದ ಪಕ್ಕ ಕೂತರು. ಎಲ್ಲಿಗೆ ಹೋಗುತ್ತೇನೆಂದು ನಾನು ಹೇಳಲಿಲ್ಲ.

ಹೋದದ್ದು ಚರ್ಚಿಗೆ. ಬಾಗಿಲು ತೆಗೆದುಕೊಟ್ಟ ಕಾವಲುಗಾರ ಊಟಕ್ಕೆ ಹೊರಟುಹೋದ. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ನಾನು ಮೊಣಕಾಲೂರಲಿಲ್ಲ, ಕೈ ಮುಗಿಯಲಿಲ್ಲ. ಮುಂದಿನ ಬೆಂಚಿನ ಹತ್ತಿರ ನಿಂತು, ತರಗತಿಯಲ್ಲಿ ಹಿಂದಿನ ಸಾಲಿಗೆ ಕೇಳಿಸುವಂಥ ದನಿಯಲ್ಲಿ ಬೈದೆ. ನಿನ್ನ ವಾಕ್ಯವನ್ನೇ ಓದುತ್ತಿದ್ದ ಬಾಯಿ, ಅದೇ ಸಿಕ್ಕಿತಾ ನಿನಗೆ ಮುಚ್ಚೋಕೆ ಎಂದು ಕೇಳಿದೆ. ಇನ್ನೂ ಏನೇನೋ ಕೇಳಿದೆ, ಎಲ್ಲವನ್ನೂ ಇಲ್ಲಿ ಬರೆಯಲಾರೆ. ಕೊನೆಗೆ ಹೇಳಿದ್ದು ಮಾತ್ರ ಅಕ್ಷರಶಃ ನೆನಪಿದೆ.

"ನಾನು ಸುಸ್ತಾಗಿ ನಿನ್ನ ಬಿಟ್ಟು ಹೋಗ್ತೀನಿ ಅಂತ ಕಾಯ್ತಿದ್ರೆ, ಕಾಯ್ತಾ ಇರು. ಏನು ಬೇಕಾದ್ರೂ ಮಾಡ್ಕೋ. ನಾನು ಬಿಡಲ್ಲ."

ಉತ್ತರ ಬರಲಿಲ್ಲ. ಮೇಲೆ ಫ್ಯಾನು ಕೂಡ ತಿರುಗುತ್ತಿರಲಿಲ್ಲ. ಗಿರಿಜಮ್ಮನಿಗೆ ತಡವಾಯಿತೇನೋ ಎಂದು ಮೊಬೈಲ್ ನೋಡಿದೆ, ಎರಡು ಗಂಟೆ ಮೂರು ನಿಮಿಷ. ಬಸ್ಸು ಹಿಡಿದು ಹೊರಟೆ.

ಮನೆಯ ತಿರುವಿನಲ್ಲಿ ಗಿರಿಜಮ್ಮ ಬೀದಿಗೆ ಬಂದು ನಿಂತಿದ್ದು ಕಂಡೆ. ಇವರು ಹೋಗಿಬಿಟ್ಟರು ಅಂದುಕೊಂಡೆ. ಗಿರಿಜಮ್ಮ ಓಡಿ ಬಂದು ನನ್ನ ಕೈ ಹಿಡಿದುಕೊಂಡರು.

"ಮಾತಾಡ್ಬುಟ್ರು ಕಣಮ್ಮ! ಯಜಮಾನ್ರು ಮಾತಾಡ್ಬುಟ್ರು!"

"ಏನಂದ್ರು?"

"ಎರಡು ಗಂಟೆ ಸೈರನ್ ಆಯ್ತಲ್ಲ, ಅದು ನಿಂತು ಒಸಿ ಒತ್ಗೆ ಕಣ್ಣು ಬುಟ್ರು. ನನ್ನೇ ನೋಡಿ ಅಂದ್ರು, 'ಗಿರಿಜಮ್ಮ, ಅವಳಿಗೆ ಹೇಳಿ, ನಾನೂ ಬಿಡಲ್ಲ' ಅಂತ."

ಇನ್ನೊಂದು ಸಲ ಹೇಳಿ ಅಂದೆ. ಅದನ್ನೇ ಹೇಳಿದರು. ಮೂರನೆಯ ಸಲ ಕೇಳಿದಾಗ ಅವರಿಗೆ ಸ್ವಲ್ಪ ಬೇಸರವೇ ಆಯಿತು. "ನಾನ್ಯಾಕೆ ಕಟ್ಟಿ ಏಳ್ಲಿ? ನಮ್ಮಂಗೆ ಬುಡಲ್ಲ ಅಂತ ಅನ್ನಲಿಲ್ಲ, ನಿಮ್ಮಂಗೇ ಸ್ಪಷ್ಟವಾಗಿ 'ಬಿಡಲ್ಲ' ಅಂದ್ರು. ಏನನ್ನ ಬಿಡಲ್ಲ ಅಂತ ನಾನು ಕೇಳ್ದೆ. ಆಮ್ಯಾಕೆ ಬರೀ ತಾ ತಾ."

ಒಳಗೆ ಹೋದೆ. ಇವರು ಎಚ್ಚರವಾಗೇ ಇದ್ದರು. ಎಡಗೈ ಹಿಡಿದು, "ಏನಂದ್ರಿ? ನನಗೂ ಒಂದು ಸಲ ಹೇಳಿ," ಎಂದೆ. ತುಟಿ ಒದ್ದಾಡಿತು. ಕತ್ತಿನ ನರ ಉಬ್ಬಿತು. "ತಾ," ಅಂದರು. ನಾನು ಬೇಡಿದೆ, ಗದರಿಸಿದೆ, ಅತ್ತೆ. ಅವರೂ ಅತ್ತರು. ಆ ದಿನ ಎಷ್ಟು ಹೊತ್ತಾದರೂ ಬಂದದ್ದು ತಾ ಒಂದೇ.

ಡಾಕ್ಟರಿಗೆ ಹೇಳಿದೆ. ಇಂಥ ರೋಗಿಗಳಲ್ಲಿ ಅಪರೂಪಕ್ಕೆ ಒಂದು ಪೂರ್ತಿ ವಾಕ್ಯ ತಾನಾಗಿ ಹೊರಬರುವುದುಂಟು, ಮತ್ತೆ ಬಾರದೆಯೂ ಇರಬಹುದು ಎಂದರು. ಒಪ್ಪಿದೆ. ವೇಳೆ ಹೊಂದಿದ್ದು ಕಾಕತಾಳೀಯ ಇರಬಹುದು, ಐದು ನಿಮಿಷ ಆಚೀಚೆಯೂ ಇದ್ದೀತು. ಅದನ್ನೂ ಒಪ್ಪಿದೆ. ಆದರೆ 'ನಾನು' ಅಲ್ಲ, 'ನಾನೂ'. ಇನ್ನೊಬ್ಬರು ಮೊದಲು ಹೇಳಿದ ಮೇಲಷ್ಟೇ ಬರುವ ದೀರ್ಘ ಅದು. ನಾಲ್ಕು ಮೈಲಿ ದೂರದಲ್ಲಿ ನಾನು ಆಡಿದ ಮಾತು ಆ ಮಂಚಕ್ಕೆ ಹೇಗೆ ತಲುಪಿತು? ಆ ಹೆಜ್ಜೆಯನ್ನು ನನಗೆ ಯಾರೂ ಬಿಡಿಸಿ ತೋರಿಸಿಲ್ಲ.

ಸುದ್ದಿ ಚರ್ಚಿಗೆ ಮುಟ್ಟಿತು. ಪಾದ್ರಿಗಳು ಸಾಕ್ಷಿ ಹೇಳಲೇಬೇಕೆಂದರು. ಮೊದಲು ಬೇಡವೆಂದೆ, ಆಮೇಲೆ ಒಪ್ಪಿಕೊಂಡು ಎದ್ದು ನಿಂತೆ. ಬೈದದ್ದನ್ನೂ ಮುಚ್ಚಿಡದೆ ಹೇಳಿದೆ. 'ನಾನೂ ಬಿಡಲ್ಲ' ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿ ಸ್ತೋತ್ರ ಸ್ತೋತ್ರ ಅಂದರು.

"ತಾಳಿ," ಅಂದೆ. "ನನ್ನ ಗಂಡನಿಗೆ ವಾಸಿಯಾಗಿಲ್ಲ. ಒಂದು ವಾಕ್ಯ ಕೊಡೋಕೆ ಆದವನಿಗೆ ಎರಡನೇದು ಕೊಡೋಕೆ ಏನಾಗಿತ್ತು? ಅದನ್ನ ನಾನು ದಿನಾ ಕೇಳ್ತಿದೀನಿ, ಇನ್ನೂ ಕೇಳ್ತೀನಿ. ಇದನ್ನ ಜಯ ಅಂತ ಹಾಡಬೇಡಿ."

ಚಪ್ಪಾಳೆ ನಿಂತಿತು. ನಾನು ನನ್ನ ಜಾಗಕ್ಕೆ ಹೋಗಿ ಕೂತೆ. ಮುಂದಿನ ಭಾನುವಾರವೂ ಅದೇ ಜಾಗದಲ್ಲಿ ಕೂತೆ. ಎದ್ದು ಹೋಗುತ್ತೇನೆಂದು ಯಾರಾದರೂ ಎಣಿಸಿದ್ದರೆ ಅವರಿಗೆ ನಾನು ಗೊತ್ತಿಲ್ಲ.

ಇದಾಗಿ ಐದು ವರ್ಷ. ಎರಡನೆಯ ವಾಕ್ಯ ಇನ್ನೂ ಬಂದಿಲ್ಲ. ಅಂದು ಹೇಳಿದ್ದು ಇವರೋ, ಇವರ ಬಾಯಿಂದ ಇನ್ನೊಬ್ಬನೋ, ತಿಳಿಯದು. ಕೆಲವು ದಿನ ಇವರೇ ಎಂದುಕೊಳ್ಳುತ್ತೇನೆ, ಕೆಲವು ದಿನ ಅವನೇ ಎಂದು. ಇಬ್ಬರನ್ನೂ ಕೇಳಿದ್ದಾಯಿತು, ಇಬ್ಬರೂ ಸುಮ್ಮನಿದ್ದಾರೆ. ಇವತ್ತು ಬೆಳಿಗ್ಗೆ ರಾಗಿ ಗಂಜಿ ಕುಡಿಸುವಾಗ ಇವರು ಬಾಯಿ ತೆರೆದರು. ಎಂದಿನಂತೆ ಚಮಚವನ್ನು ಗಾಳಿಯಲ್ಲೇ ಹಿಡಿದು, ಏನಾದರೂ ಬರುತ್ತದೇನೋ ಎಂದು ಒಂದು ಗಳಿಗೆ ಕಾದೆ. ಆಮೇಲೆ ಕುಡಿಸಿದೆ.