ಬೋಟಿನಲ್ಲಿ ಬರುವ ಮ್ಯಾನೇಜರು
ನಮ್ಮ ಬ್ಯಾಂಕಿನ ಮಟ್ಟಾಂಚೇರಿ ಶಾಖೆಯ ಮ್ಯಾನೇಜರ್ ಪ್ರೇಮಾ ಹಂಚಿನಾಳ ಧಾರವಾಡದವರು. ಅವರು ಗದರಿದರೆ ಬೋಟು ನಿಲ್ಲುವ ಜೆಟ್ಟಿಯ ಕಾಗೆಗಳೂ ಸಾಲಾಗಿ ಕೂರುತ್ತವೆ. ಬೆಳಿಗ್ಗೆ ಹಿನ್ನೀರಿನ ಆಚೆ ದಡದ ಎರ್ನಾಕುಳಂನಲ್ಲಿ ನಮ್ಮೊಂದಿಗೇ ಬೋಟು ಹತ್ತಿ, ತಲೆ ಎಣಿಸಿ, ಶೇಂಗಾ ಚಟ್ನಿ ಹಚ್ಚಿದ ಚಪಾತಿ ಹಂಚುತ್ತಾರೆ. ಬೋಟು ತಡವಾದ ದಿನ ಹಾಜರಿಯ ಯಂತ್ರಕ್ಕೆ ಬೆರಳೊತ್ತಲು ನಮ್ಮೆಲ್ಲರ ಹಿಂದೆ ನಿಲ್ಲುತ್ತಾರೆ. ಮೇಲಿನ ಕಚೇರಿಯ ಹುಬ್ಬಳ್ಳಿ ಸಾಹೇಬರು ಫೋನಿನಲ್ಲಿ ಗುಡುಗಿದರೆ, "ಎಲ್ಲಾರಗಿಂತ ತಡಾ ಬಂದಾಕಿ ನಾನ ಇದ್ದೀನ್ರಿ. ಮೊದಲನೇ ಮೆಮೊ ನನಗ ಕೊಡ್ರಿ, ಆಮ್ಯಾಲೆ ಉಳದವರ ಹೆಸರು ಕೇಳ್ರಿ!" ಎನ್ನುತ್ತಾರೆ. ಈವರೆಗೆ ಹನ್ನೊಂದು ಮೆಮೊ ಬಂದಿವೆ, ಎಲ್ಲವೂ ಅವರ ಹೆಸರಿಗೇ. ಎರ್ನಾಕುಳಂನಲ್ಲಿ ಅವರ ಮನೆ ಎಲ್ಲಿ ಎಂದು ಹೊಸಬನಾದ ನಾನು ಮೊನ್ನೆ ವಿಚಾರಿಸಿದೆ. ಅವರ ಮನೆ ನಮ್ಮ ಶಾಖೆಯ ಮೇಲಿನ ಮಹಡಿಯಲ್ಲೇ ಇದೆಯಂತೆ. ದಿನಾ ಮೊದಲ ಬೋಟಿಗೆ ಆ ದಡಕ್ಕೆ ಹೋಗುವುದು, ನಮ್ಮ ಜೊತೆ ತಡವಾಗಿ ಬರುವುದಕ್ಕೆ.