ಸೂಜಿ ಪೂರ್ತಿ ಆಗೂ ತನಕ

ಈಗಲೂ ಯಾರಾದ್ರೂ ಕೂಸಿಗೆ ಹೊಸ ಅಂಗಿ ತೊಡಿಸಿ, ‘ಎಷ್ಟು ಚಂದ ಅಲ್ದಾ?’ ಅಂತ ನನ್ನ ಮುಂದೆ ಹಿಡಿದ್ರೆ ನಾನು ಮೋರೆ ಆಚೆ ತಿರುಗಿಸ್ತೆ. ಕೂಸಿನ ತಪ್ಪಲ್ಲ, ತಾಯಿ ತಪ್ಪೂ ಅಲ್ಲ. ಅಂಥ ಅಂಗಿ ಹೊಲಿಯೂ ಫ್ಯಾಕ್ಟರಿಯಲ್ಲಿ ಕೆಲವು ವರ್ಷ ಕೂತವಳು ನಾನು. ಹೈವೇ ಬದಿಗೆ ಒಂದು ತಗಡಿನ ಶೆಡ್ಡು, ಅದೇ ಫ್ಯಾಕ್ಟರಿ. ಹಟ್ಟಿಕೇರಿಯಿಂದ ನಾನು, ಕಾರವಾರದ ಕಡೆಯಿಂದ ಬೇರೆ ಹೆಂಗಸರು, ಎಲ್ಲಾ ಕಂಪನಿ ವ್ಯಾನಿನಲ್ಲಿ ಹೋಗಿ ಬರ್ತಿದ್ವು.

ಒಳಗೆ ಬಟ್ಟೆಯ ಧೂಳು ಎಷ್ಟು ಅಂದ್ರೆ, ಸಂಜೆ ಮೂಗು ಸೀಟಿದ್ರೆ ಆ ದಿನದ ಬಟ್ಟೆಯ ಬಣ್ಣ ಬರ್ತಿತ್ತು. ಒಂದು ದಿನ ಗುಲಾಬಿ, ಒಂದು ದಿನ ನೀಲಿ. ಮೆಷಿನ್ ಎಣ್ಣೆ, ಬೆವರು, ಮೂಲೆಯ ಪಾಯಖಾನೆ, ಎಲ್ಲಾ ಸೇರಿ ಒಂದು ನಾತ. ಪಾಯಖಾನೆಗೆ ಹೋಗೂದು ಹೇಸಿಗೆ ಅಂತ ನಾವು ನೀರೇ ಕುಡೀತಿರ್ಲಿಲ್ಲ. ನಮ್ಮ ಸೂಪರ್‌ವೈಸರ್ ಘಟ್ಟದ ಮೇಲಿನವ. ಅವನಿಗೆ ಆ ನಾತ ಮೂಗಿಗೆ ಬಡೀತಿರ್ಲಿಲ್ಲ. ಮಧ್ಯಾಹ್ನ ನಾವು ಡಬ್ಬಿ ತೆಗೆದ ಕೂಡಲೇ ಮಾತ್ರ ಕರ್ಚೀಫು ಮೂಗಿಗೆ ಹೋಗ್ತಿತ್ತು. ‘ಏನ್ರಮ್ಮಾ, ಇವತ್ತೂ ಮೀನಾ?’ ಹೌದು ಮಾರಾಯಾ, ಬಾಂಗಡೆ ಸಾರು. ನಿನ್ನ ಮೋರೆಗಿಂತ ಎಷ್ಟೋ ಚಂದ ಉಂಟು.

ಅಲ್ಲಿಯ ಒಂದು ನಿಯಮ ಹೇಳ್ತೆ, ಅದು ತಿಳೀದೆ ಮುಂದಿನದು ಅರ್ಥ ಆಗೂದಿಲ್ಲ. ಹೊಲಿಯೂವಾಗ ಸೂಜಿ ಮುರೀತು ಅಂದ್ರೆ ಸುಮ್ಮನೆ ಹೊಸ ಸೂಜಿ ಕೊಡೂದಿಲ್ಲ. ಮುರಿದ ಚೂರೆಲ್ಲಾ ಹುಡುಕಿ, ಜೋಡಿಸಿ, ಸೂಜಿ ಪೂರ್ತಿ ಆಯ್ತು ಅಂತ ತೋರಿಸ್ಬೇಕು. ಒಂದು ಮೊನೆ ಅಂಗಿಯೊಳಗೆ ಉಳಿದು ದೂರ ದೇಶದ ಕೂಸಿಗೆ ಚುಚ್ಚಿದ್ರೆ? ಅದಕ್ಕೇ ಸೂಜಿ ಪೂರ್ತಿ ಆಗೂ ತನಕ ಲೈನಿನವರು ಯಾರೂ ಏಳೂ ಹಾಂಗಿಲ್ಲ, ಗೇಟೂ ತೆಗೂದಿಲ್ಲ. ನಿಯಮ ಸರೀನೇ. ಮಕ್ಕಳನ್ನು ಹೆತ್ತವರು ನಾವು, ನಮಗೂ ಗೊತ್ತಾಗ್ತದೆ.

ನನ್ನ ಪಕ್ಕದ ಮೆಷಿನಿನಲ್ಲಿ ಹಣಕೋಣದ ಒಬ್ಬಳು ಕೂರ್ತಿದ್ಲು. ಲೈನಿಗೆಲ್ಲಾ ಅವಳು ವಯ್ನಿ, ಅಂದ್ರೆ ಅತ್ತಿಗೆ. ಅಂಗಿಯ ಕುತ್ತಿಗೆ ಪಟ್ಟಿ ಹೊಲಿಯೂದು ಅವಳ ಕೆಲಸ. ಎಳೆ ಕೂಸಿನ ಕುತ್ತಿಗೆಯ ಆ ಸಣ್ಣ ಸುತ್ತನ್ನು ಬಲಗೈ ತೋರು ಬೆರಳಲ್ಲಿ ಒತ್ತಿ ತಿರುಗಿಸ್ತಾ ಹೋದ್ರೆ ಒಂದು ಸುಕ್ಕು ಬೀಳ್ತಿರ್ಲಿಲ್ಲ. ಗಂಡ ಬೋಟಿಗೆ ಹೋಗೂದು ಬಿಟ್ಟು ಕುಡಿದು ಬಿದ್ದಿರ್ತಿದ್ದ. ‘ನಮ್ಮನೆ ನಡ್ಯೂದು ಈ ಬೆರಳ ಮೇಲೆ’ ಅಂತ ಅವಳೇ ನಗಾಡ್ತಿದ್ಲು.

ಒಂದು ಸಂಜೆ, ವ್ಯಾನು ಬರೂ ಹೊತ್ತಿಗೆ, ಆ ಬೆರಳ ಮೇಲೇ ಸೂಜಿ ಇಳೀತು. ಉಗುರಿನ ನಡುವೆ. ‘ಅಯ್ಯೋ’ ಅಂತ ಕೈ ಎಳೆದುಕೊಂಡ್ಲು, ಸೂಜಿ ಟಕ್ ಅಂತ ಮುರೀತು. ನಾನು ಸೆರಗು ಹರಿದು ಕಟ್ಟೂಕೆ ಹೋದ್ರೆ ಸೂಪರ್‌ವೈಸರ್ ಓಡಿ ಬಂದ. ಬಂದವ ಮೊದಲು ಎತ್ತಿದ್ದು ಅವಳ ಕೈಯಲ್ಲ, ಅಂಗಿ! ‘ರಕ್ತ ತಾಗ್ತಾ? ಪೀಸ್ ಹಾಳಾಯ್ತಾ?’ ಅಂದ. ಆಮೇಲೆ, ‘ಸೂಜಿ ಎಲ್ಲಿ?’

‘ಸರ್, ನನ್ನ ಆಸ್ಪತ್ರೆಗೆ ಕಳ್ಸಿ. ಬೆರಳು ಹೋದ್ರೆ ನಾ ಹೋದೆ’ ಅಂದ್ಲು ವಯ್ನಿ.

‘ಕಳಿಸೋಣಮ್ಮ, ಸೂಜಿ ಪೂರ್ತಿ ಆಗ್ಲಿ.’

ಎಲ್ಲರೂ ನೆಲದ ಮೇಲೆ ಅಂಬೆಗಾಲು. ಬುಡದ ಚೂರು ಮೆಷಿನಿನಲ್ಲೇ ಇತ್ತು, ನಡುವಿನ ಚೂರು ಅಯಸ್ಕಾಂತಕ್ಕೆ ಸಿಕ್ತು, ಮೊನೆ ಇಲ್ಲ. ಮೆಕ್ಯಾನಿಕ್ಕು ಇಕ್ಕಳ ತಂದು ವಯ್ನಿಯ ಬೆರಳೊಳಗೆ ಕೆದಕಿದ. ಆ ಇಕ್ಕಳ ಮೆಷಿನ್ ಹೊಟ್ಟೆಯ ಕರೀ ಎಣ್ಣೆ ಕುಡಿದದ್ದು, ಒರೆಸೂ ಇರ್ಲಿಲ್ಲ. ವಯ್ನಿ ನನ್ನ ಭುಜ ಕಚ್ಚಿದ್ಲು. ಮೊನೆ ಬರ್ಲಿಲ್ಲ, ಇನ್ನೂ ಒಳಗೆ ಹೋಯ್ತೋ ಏನೋ.

ಆಗ ಸೂಪರ್‌ವೈಸರ್ ಮಹಾಪುರುಷನಿಗೆ ಒಂದು ಬುದ್ಧಿ ಹೊಳೀತು. ಹೊಲಿದ ಅಂಗಿಯಲ್ಲಿ ಕಬ್ಬಿಣದ ಚೂರು ಉಂಟಾ ಅಂತ ನೋಡೂಕೆ ಅಲ್ಲಿ ಒಂದು ಮೆಷಿನ್ ಉಂಟು. ಪಟ್ಟಿಯ ಮೇಲೆ ಅಂಗಿ ಇಟ್ರೆ ಒಳಗೆ ಹೋಗಿ ಆಚೆ ಬರ್ತದೆ, ಚೂರಿದ್ರೆ ಕೂಗ್ತದೆ. ವಯ್ನಿಯನ್ನು ಅದರ ಎದುರು ನಿಲ್ಲಿಸಿ, ಉಂಗುರ ತೆಗೆಸಿ, ಕೈಯನ್ನು ಆ ಪಟ್ಟಿಯ ಮೇಲೆ ಇಡಿಸಿದ. ಪೀಸ್ ಹಾಂಗೆ. ಮೆಷಿನ್ ಪೀಂಯ್ ಅಂತ ಕೂಗ್ತು.

‘ಸಿಕ್ತು! ಬಟ್ಟೆಯಲ್ಲಿಲ್ಲ, ಬೆರಳಲ್ಲೇ ಇದೆ!’ ಅಂತ ಅವ ಕುಣಿದ. ಮೆಕ್ಯಾನಿಕ್ಕು ನಕ್ಕ. ಗೇಟು ತೆಗೀತಾರೆ ಅಂತ ನಮ್ಮ ಹೆಂಗಸರಲ್ಲೂ ಕೆಲವರು ಚಪ್ಪಾಳೆ ತಟ್ಟಿದ್ರು. ಥೂ! ಆ ಚಪ್ಪಾಳೆ ನೆನಪಾದ್ರೆ ಈಗಲೂ ಬಾಯಿ ಕಹಿ ಆಗ್ತದೆ. ಮಾಲು ಉಳೀತು, ಲಾರಿ ಹೊರಡ್ತದೆ, ಮೊನೆ ಎಲ್ಲಿ ಇರಬಾರದೋ ಅಲ್ಲಿ ಇಲ್ಲ. ವಯ್ನಿಯ ಮಾಂಸದಲ್ಲಿ ಇದ್ರೆ ಯಾರಿಗೇನು ನಷ್ಟ? ಬೆರಳಿಗೆ ಒಂದಿಷ್ಟು ಅರಿಶಿಣದ ಬಣ್ಣದ ಔಷಧಿ ಹಚ್ಚಿ, ಬಟ್ಟೆ ಸುತ್ತಿ, ‘ನಾಳೆ ಡಾಕ್ಟರಿಗೆ ತೋರಿಸಿ’ ಅಂತ ವ್ಯಾನು ಹತ್ತಿಸಿದ್ರು.

ಮಾರನೇ ದಿನ ಹಣಕೋಣದಲ್ಲೇ ಯಾರೋ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ರಂತೆ. ವಾರ ಕಳೀಲಿಲ್ಲ, ಬೆರಳು ಬಾಳೆಕಾಯಿ ಹಾಂಗೆ ಊದಿ ಕೀವು ಸೋರೂಕೆ ಶುರುವಾಯ್ತು. ನಾನು ರಜೆ ಹಾಕಿ ಅವಳನ್ನು ಕಾರವಾರದ ಆಸ್ಪತ್ರೆಗೆ ಕರ್ಕೊಂಡು ಹೋದೆ. ಬಸ್ಸಿನಲ್ಲಿ ಪಕ್ಕದವಳು ವಾಸನೆಗೆ ಮೋರೆ ತಿರುಗಿಸಿದ್ಲು. ವಯ್ನಿ ಕೈಯನ್ನು ಸೆರಗೊಳಗೆ ಅಡಗಿಸಿ, ‘ಕೊಯ್ದು ಹಾಕ್ತ್ರಾ ತಂಗಿ?’ ಅಂತ ಕೇಳ್ತಾ ಕೇಳ್ತಾ ಬಂದ್ಲು. ‘ಹುಚ್ಚಿ, ಸುಮ್ಮಂಗಿರು’ ಅಂತ ಬೈದೆ. ನನಗೂ ಅದೇ ಭಯ.

ಡಾಕ್ಟರಮ್ಮ ಬೆರಳು ಸೀಳಿ ಕೀವು ತೆಗೆದು, ಮೊನೆಯನ್ನೂ ತೆಗೆದ್ರು. ವಯ್ನಿ ಮಂಚದ ಮೇಲೆ ಇನ್ನೂ ಮಂಪರಿನಲ್ಲಿದ್ಲು. ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ನಾನು ಅಂದ್ಕೊಂಡೆ, ಏನೇ ಆಗ್ಲಿ, ಮನುಷ್ಯ, ನೋಡೂಕೆ ಬಂದ. ಡಾಕ್ಟರಮ್ಮನೂ ಮನೆಯವ ಅಂತಲೇ ತಿಳಿದು ಹೇಳಿದ್ರು: ‘ಬೆರಳು ಉಳೀತು. ಆದ್ರೆ ಗಂಟು ಹಾಳಾಗಿದೆ, ಇನ್ನು ಮಡಚೋದು ಕಷ್ಟ. ಅವತ್ತೇ ಕರ್ಕೊಂಡು ಬಂದಿದ್ರೆ ಹೀಗಾಗ್ತಿರ್ಲಿಲ್ಲ.’

ಅವ ತಲೆ ಆಡಿಸಿ, ‘ಸೂಜಿ ಕೊಡ್ತೀರಾ ಮೇಡಂ?’ ಅಂದ.

ಜೇಬಿನಿಂದ ಒಂದು ಪ್ಲಾಸ್ಟಿಕ್ ಪ್ಯಾಕೆಟ್ ತೆಗೆದ. ಅದರಲ್ಲಿ ಉಳಿದ ಚೂರುಗಳು! ಹೇಸಿಗೆಯವ, ಅದನ್ನು ಹೊತ್ಕೊಂಡೇ ಬಂದಿದ್ದ. ಮಂಚದ ಪಕ್ಕದ ಸ್ಟೂಲಿನ ಮೇಲೆ, ವಯ್ನಿ ಗಂಜಿ ಕುಡಿಯೂ ಸ್ಟೂಲಿನ ಮೇಲೆ, ಚೂರುಗಳನ್ನು ಉಗುರಿಂದ ತಳ್ಳಿ ಜೋಡಿಸಿದ. ಡಾಕ್ಟರಮ್ಮ ಹತ್ತಿಯಲ್ಲಿಟ್ಟು ಕೊಟ್ಟ ಮೊನೆಯನ್ನು ಹತ್ತಿ ಸಮೇತ ಕೊನೆಗಿಟ್ಟ. ಸರಿಯಾಗಿ ಕೂತ್ಕೊಂತು. ಮೋರೆ ಅರಳಿತು. ‘ನೋಡಮ್ಮಾ, ಪೂರ್ತಿ ಆಯ್ತು’ ಅಂದ, ವಯ್ನಿಗೆ.

ವಯ್ನಿ ಕಣ್ಣು ತೆರೆದು ಎಲ್ಲಾ ಕೇಳ್ತಿದ್ಲು ಅಂತ ಆಗಲೇ ನನಗೆ ಗೊತ್ತಾದದ್ದು. ಬ್ಯಾಂಡೇಜಿನ ಕೈ ಎತ್ತಿ, ‘ಇದು?’ ಅಂದ್ಲು.

‘ಅದು ಕಂಪನಿದಲ್ಲವಲ್ಲಮ್ಮಾ.’

ಸಿಟ್ಟಿಂದ ಹೇಳಿದ್ದಲ್ಲ, ತಮಾಷೆಗೂ ಅಲ್ಲ. ಅವನಿಗೆ ಅದು ಬರೀ ವಿಷಯ. ನನಗೆ ಮೈಯೆಲ್ಲಾ ಉರೀತು. ವಯ್ನಿ ಎದ್ದು ಕೂತು, ಎಡಗೈಯಲ್ಲಿ ಆ ಮೊನೆಯನ್ನು ಹತ್ತಿ ಸಮೇತ ಹಿಡಿದು, ಕಿಟಕಿಯಿಂದ ಆಚೆ ಒಗೆದ್ಲು.

‘ಅಯ್ಯೋ, ಏನ್ ಮಾಡಿದ್ರಿ!’ ಅಂತ ಅವ ಮೆಟ್ಟಿಲಿಳಿದು ಓಡಿದ. ನಿಜಕ್ಕೂ ಓಡಿದ. ನಾನು ಕಿಟಕಿಯಿಂದ ನೋಡಿದೆ. ಆಸ್ಪತ್ರೆ ಹಿಂದಿನ ಗಟಾರದ ಬದಿಗೆ, ಹುಲ್ಲು, ರಕ್ತದ ಹತ್ತಿ, ಖಾಲಿ ಸಿರಿಂಜುಗಳ ನಡುವೆ, ಇಸ್ತ್ರಿ ಪ್ಯಾಂಟಿನ ಮೊಣಕಾಲೂರಿ ಹುಡುಕ್ತಾ ಇದ್ದ. ‘ಬಾರೇ ವಯ್ನಿ, ನೋಡು ಬಾ, ಹಂದಿ ಹಾಂಗೆ ಕೆದಕ್ತಾ ಇದ್ದ!’ ಅಂತ ಕರೆದೆ.

ಅವಳು ಬರ್ಲಿಲ್ಲ. ಮಂಚದ ಮೇಲೆ ಕೂತು, ಬ್ಯಾಂಡೇಜಿನೊಳಗೆ ಬೆರಳು ಮಡಚೂಕೆ ನೋಡ್ತಾ ಇದ್ಲು.